ಮಲಗಿರುವ ಸ್ಥಾವರಕ್ಕೆ ಮನೆಯ ಕೊಬ್ಬರಿ ಎಣ್ಣೆ

ಕಡಲ ಮೇಲಿನ ಮಂಜು ಇನ್ನೂ ಕರಗಿಲ್ಲ. ಗುಡ್ಡದ ಮೇಲಿನ ಅಣುಸ್ಥಾವರದ ಬಾಗಿಲು ತೆರೆದು, "ದಾರಿ ಬಿಡಿ ಸ್ವಾಮಿ, ನಾನು ಬಂದೆ" ಎಂದು ಜಾಗ ಕಾಯುವ ಕಾಣದ ದೈವಗಳಿಗೆ ಪಿಸುಗುಟ್ಟಿ ಹಿರಿಯ ಫಿಟ್ಟರ್ ಮಾಂಗ್ ದೆನ್ಸಿಯೊ ಒಳಗೆ ಕಾಲಿಡುತ್ತಾರೆ. ಕಟ್ಟಿ ಮುಗಿದು ಮೂವತ್ತೆಂಟು ವರ್ಷವಾಯಿತು. ಪರವಾನಗಿ ಬಂದಿಲ್ಲ, ಸ್ಥಾವರ ಒಂದು ಬಲ್ಬನ್ನೂ ಬೆಳಗಿಸಿಲ್ಲ. ಒಳಗೆ ಎಲ್ಲವೂ ನಿದ್ದೆಯಲ್ಲಿದೆ, ಅವರ ಹೆಜ್ಜೆಯೂ ಹಾಗೆಯೇ ಮೆತ್ತಗೆ.

ದಿನಕ್ಕೆ ನೂರ ಹನ್ನೆರಡು ವಾಲ್ವ್, ಒಂದೊಂದಕ್ಕೂ ಮೂರು ಸುತ್ತು. "ಯಂತ್ರ ಮಲಗಿದೆ ಅಂತ ನಾವೂ ಮಲಗಕ್ಕಾಗುತ್ತಾ? ಒಂದಿನ ಬಿಟ್ರೆ ಉಪ್ಪುಗಾಳಿಗೆ ಕಚ್ಕೊಂಬಿಡುತ್ತೆ," ಎನ್ನುತ್ತಾರೆ.

ಜೊತೆಯ ಫಿಟ್ಟರುಗಳೆಲ್ಲ ಸೌದಿಗೆ ಹಾರಿದರು. ಇವರು ಮಾತ್ರ ಇದು ಎದ್ದು ಕೂರುವುದನ್ನು ನೋಡಿಯೇ ಹೋಗುತ್ತೇನೆಂದು ಉಳಿದರು. ಸಂಜೆ ಮನೆಗೆ ಬಂದರೆ ಹೆಂಡತಿ ಲುಮಿಂಗ್, ಒಣಮೀನು ಹುರಿಯುತ್ತಲೇ ಕೆಣಕುತ್ತಾರೆ: "ಏನು, ನಿನ್ನ ಎರಡನೇ ಹೆಂಡ್ತಿ ಎದ್ದಳಾ?"

ಈಗ ಸ್ಥಾವರವನ್ನು ಎಬ್ಬಿಸಲು ಸರ್ಕಾರ ಮತ್ತೆ ಮನಸ್ಸು ಮಾಡಿದೆ. ಕಳೆದ ತಿಂಗಳು ರಾಜಧಾನಿ ಮನಿಲಾದಿಂದ ಬಂದ ತಪಾಸಣಾಧಿಕಾರಿ ಎಲ್ಲ ನೋಡಿ, ಸರಿಯಿದೆ ಎಂದು ಬರೆದು ಪೆನ್ನು ಮುಚ್ಚುತ್ತಿದ್ದರು. ಆಗ ದೆನ್ಸಿಯೊ ಬಾಯಿಬಿಟ್ಟರು. "ಮೇಡಂ, ಒಂದ್ಮಾತು. ದೊಡ್ಡ ಬಿರುಗಾಳಿ ವರ್ಷ ಗ್ರೀಸ್ ಬರ್ಲೇ ಇಲ್ಲ. ಯಂತ್ರ ತಂಪಾಗಿಡೋ ನೀರಿನ ಹದಿನಾಲ್ಕು ವಾಲ್ವ್‌ಗೆ ನಮ್ಮನೆ ಕೊಬ್ಬರಿ ಎಣ್ಣೆ ಹಾಕಿದೀನಿ."

ವಾಲ್ವುಗಳು ಬೆಣ್ಣೆಯ ಹಾಗೆ ತಿರುಗುತ್ತವೆ. ಆದರೆ ನಿಯಮದ ಪುಸ್ತಕದಲ್ಲಿ ಕೊಬ್ಬರಿ ಎಣ್ಣೆ ಇಲ್ಲವಲ್ಲ! ಹದಿನಾಲ್ಕನ್ನೂ ಕಳಚಿ, ಹೊಸದು ತರಿಸಿ, ಮತ್ತೆ ಪರೀಕ್ಷೆ ಮಾಡಬೇಕು. ಅದಕ್ಕೆ ಎರಡು ವರ್ಷ. ದೆನ್ಸಿಯೊ ನಿವೃತ್ತಿಗೆ ಉಳಿದಿರುವುದು ಹನ್ನೊಂದು ತಿಂಗಳು.

ಪಾಳಿಯ ಜೊತೆಗಾರ ತೆಯೋಂಗ್‌ಗೆ ಇನ್ನೂ ಸಿಟ್ಟು ಇಳಿದಿಲ್ಲ. "ಮೂಗಿಗಿಂತ ಮೂಗುತಿ ಭಾರ ಆಯ್ತು ಈ ಕಾನೂನು. ಕಲ್ಲಿದ್ದಲು ಸ್ಥಾವರದ ಹೊಗೆಗೆ ಊರೂರೇ ಕೆಮ್ತಿದೆ, ಕೇಳೋರಿಲ್ಲ. ಇಲ್ಲಿ ನಾಕು ಹನಿ ಎಣ್ಣೆಗೆ ಎರಡು ವರ್ಷ. ಯಾರೂ ನೋಡಿರ್ಲಿಲ್ಲ, ನೀನ್ಯಾಕಣ್ಣ ಹೇಳ್ದೆ?"

ದೆನ್ಸಿಯೊ ಎಣ್ಣೆಗೈ ಒರೆಸಿಕೊಳ್ಳುತ್ತಾರೆ. "ನೀನ್ ಹೇಳೋದೂ ಸುಳ್ಳಲ್ಲ. ಬಾಗಿಲಿಗೆ ಬಣ್ಣ ಹಚ್ಚಕ್ಕೂ ಮೂರು ಸಹಿ ಕೇಳ್ತಾರೆ, ಅದು ಅತಿ. ಆದ್ರೆ ನೀರಿನ ವಾಲ್ವ್ ಬಣ್ಣ ಅಲ್ಲ. ಅದು ಕೈಕೊಟ್ರೆ ಗುಡ್ಡದ ಕೆಳಗಿರೋದು ನಮ್ಮೂರು. ನನ್ನ ಎಣ್ಣೆ ಒಳ್ಳೇದೇ ಇರ್ಬಹುದು, ನಂಗೇನು ಗೊತ್ತು? ಗೊತ್ತಿಲ್ದೆ ಇರೋದನ್ನ ಬಚ್ಚಿಡಬಾರ್ದು."

ಇದೇ ವಾದವನ್ನು ಮುಂದಿಟ್ಟುಕೊಂಡು ಮನಿಲಾದ ಸಭೆಗಳು ವರ್ಷಗಟ್ಟಲೆ ತೂಕಡಿಸಿವೆ. ಈ ಮನುಷ್ಯ ಒಂದು ಕ್ಷಣದಲ್ಲಿ ತೀರ್ಮಾನಿಸಿ, ತನ್ನ ಕಾಲ ಮೇಲೆ ತಾನೇ ಕಲ್ಲು ಎಳೆದುಕೊಂಡರು. ಬೇಜಾರಾಗಲಿಲ್ಲವೇ?

"ಬೇಜಾರಾಯ್ತು. ಅವತ್ತು ಊಟ ಸೇರ್ಲಿಲ್ಲ," ಎಂದು ಮುಂದಿನ ವಾಲ್ವಿನ ಚಕ್ರಕ್ಕೆ ಕೈ ಹಚ್ಚುತ್ತಾರೆ. ಮಂಜು ಕರಗಿ, ಕಿಟಕಿಯಲ್ಲಿ ಕಡಲು ಕಾಣುತ್ತಿದೆ. "ಇದು ಏಳೋ ದಿನ ನಾನು ಒಳಗಿರಲ್ಲ. ಪರವಾಗಿಲ್ಲ, ಗೇಟಿನ ಆಚೆ ನಿಂತ್ಕೋತೀನಿ. ಲುಮಿಂಗ್ ದಿನಾ ಕೇಳ್ತಾಳಲ್ಲ, ಎದ್ದಳಾ ಅಂತ. ಒಂದಿನ ಮನೆಗೆ ಹೋಗಿ 'ಹೂಂ' ಅನ್ನಬೇಕು. ಅಷ್ಟೇ."