ಮಗಳ ಚೆಂಡು ಹಿಡಿಯುತ್ತಿದ್ದ ಶ್ರೀನಾಥ

ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿರುವ ಶ್ರೀನಾಥನಿಗೆ ಬೇಸ್‌ಬಾಲ್ ಹುಚ್ಚು ಹಿಡಿದದ್ದು ಪೆಟ್ರೋಲ್ ಬಂಕಿನ ರಾತ್ರಿ ಪಾಳಿಯಿಂದ. ಚಿತ್ರದುರ್ಗದಿಂದ ಓದಲು ಬಂದ ಹೊಸತು. ಬೆಳಿಗ್ಗೆ ರೂಮಿಗೆ ಬಂದರೆ ನಿದ್ದೆ ಹತ್ತುತ್ತಿರಲಿಲ್ಲ. ಟೀವಿಯಲ್ಲಿ ಆ ಹೊತ್ತಿಗೆ ಅಮೆರಿಕದ ಪಂದ್ಯ. ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಚೆಂಡೆಸೆಯುವ ಪಿಚರ್‌ನನ್ನೇ ನೋಡುತ್ತ ಕೂರುತ್ತಿದ್ದ. ಅಲ್ಲೇ ನೆಲೆಸಲು ಪಿಆರ್ ಸಿಕ್ಕಿತು, ಮದುವೆಯಾಯಿತು, ಆದ್ಯಾ ಹುಟ್ಟಿದಳು, ಹುಚ್ಚು ಬಿಡಲಿಲ್ಲ. ಬೇರೆ ಮಕ್ಕಳಿಗೆ ರಾಜಕುಮಾರಿಯ ಕತೆಯಾದರೆ ಇವಳಿಗೆ ಹಳೆಯ ಪಿಚರ್‌ಗಳ ಕತೆ. ಬೆಳೆದ ಮೇಲೆ ಅವಳೂ ಪಿಚರ್ ಆದಳು, ವಾದಕ್ಕೂ ನಿಂತಳು.

"ಕೋಫ್ಯಾಕ್ಸ್‌ನಂಥವನು ಇನ್ನೊಬ್ಬ ಹುಟ್ಟಲ್ಲ ಕಣೇ. ಮೊಣಕೈ ನೋವಲ್ಲೂ ಎಸೆದ. ಪಾಪ, ಮೂವತ್ತಕ್ಕೇ ಬಿಡ್ಬೇಕಾಯ್ತು."

"ನೋಲನ್ ರಯನ್, ಅಪ್ಪಾ. ನಲವತ್ತಾರರ ತನಕ ಆಡ್ದ. ಡೋಂಟ್ ಆರ್ಗ್ಯೂ."

"ಇಬ್ರನ್ನೂ ಊಟಕ್ಕೆ ಕರೀರಿ, ಹುಳಿ ಆರೋಗ್ತಿದೆ," ಎಂದು ಹೆಂಡತಿ ಪ್ರಾರ್ಥನಾ ಒಲೆ ಮುಂದಿನಿಂದಲೇ ಕೂಗುತ್ತಿದ್ದಳು.

ಸಂಜೆ ಹಿತ್ತಲಲ್ಲಿ ಅಪ್ಪ ಗ್ಲೌಸ್ ತೊಟ್ಟು ಕುಕ್ಕರಗಾಲಲ್ಲಿ ಕೂರುವುದು, ಮಗಳು ಎಸೆಯುವುದು. ಅವನ ದಿನವೆಲ್ಲ ಇದ್ದದ್ದೇ ಆ ಅರ್ಧ ಗಂಟೆಗಾಗಿ.

ಆಮೇಲೆ ಅವನ ಕಣ್ಣಿನ ನೋಟ ಅಂಚುಗಳಿಂದ ಕಿರಿದಾಗುತ್ತ ಬಂತು, ನೇರ ಎದುರಿಗಿದ್ದದ್ದಷ್ಟೇ ಉಳಿಯಿತು. ಇದಕ್ಕೆ ಔಷಧಿಯಿಲ್ಲ ಎಂದರು ಡಾಕ್ಟರು. ಕಾರಿನ ಕೀಲಿ ಪ್ರಾರ್ಥನಾಳ ಕೈ ಸೇರಿತು. ಕೆಲಸಕ್ಕಿದ್ದ ಗೋದಾಮಿನಲ್ಲಿ ಸರಕೆತ್ತುವ ಫೋರ್ಕ್‌ಲಿಫ್ಟ್ ಬಿಡಿಸಿ ಫೋನ್ ಮುಂದೆ ಕೂರಿಸಿದರು. ಎಲ್ಲಕ್ಕೂ ಸುಮ್ಮನೆ ತಲೆಯಾಡಿಸಿದ. ಸಂಜೆಯ ಆಟವನ್ನು ಮಾತ್ರ ಬಿಡಲಿಲ್ಲ.

"ಚೆಂಡು ಕಾಣುತ್ತೇನ್ರೀ?" ಎಂದು ಪ್ರಾರ್ಥನಾ ಕೇಳುತ್ತಿದ್ದಳು.

"ನೇರ ಬರೋದು ಕಾಣ್ದೆ ಏನು!"

ನಿಜಕ್ಕೂ ಈಚೆಗೆ ಒಂದೂ ಕೈತಪ್ಪುತ್ತಿರಲಿಲ್ಲ. ಇನ್ನೂ ಅಷ್ಟೊಂದು ಕೆಟ್ಟಿಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದ.

ಈ ಸಲದ ರಾಜ್ಯ ತಂಡದ ಆಯ್ಕೆಯಲ್ಲಿ ಆದ್ಯಾಳ ಹೆಸರು ಬರಲಿಲ್ಲ. ಕೋಚ್ ಬೇಸರದಿಂದಲೇ ಹೇಳಿದ: "ತೋಳಿನಲ್ಲಿ ಶಕ್ತಿಯಿದೆ. ಆದರೆ ಚೆಂಡು ಬಿಡುವ ಗಳಿಗೆಯಲ್ಲಿ ತಡೆದುಕೊಳ್ಳುತ್ತಾಳೆ, ಯಾರಿಗೋ ಪೆಟ್ಟಾದೀತು ಅಂತ ಹೆದರಿದವಳ ಹಾಗೆ. ಮನೆಯಲ್ಲಿ ಯಾರ ಜೊತೆ ಅಭ್ಯಾಸ?"

ಮನೆಗೆ ಮರಳುವ ದಾರಿ. ಪ್ರಾರ್ಥನಾ ಕಾರು ಓಡಿಸುತ್ತಿದ್ದಳು. ಶ್ರೀನಾಥ ಹಿಂದೆ ಕೂತ ಮಗಳನ್ನು ಕೇಳಿದ.

"ನಂಗೋಸ್ಕರ ನಿಧಾನ ಹಾಕ್ತಿದ್ಯಾ? ಯಾವಾಗಿಂದ?"

"ಒಂದ್ಸಲ ನಿನ್ನ ಭುಜಕ್ಕೆ ಬಿತ್ತಲ್ಲ, ಆಗಿಂದ. ಬಿಸಿಲು ಕಣ್ಣಿಗೆ ಹೊಡೀತು ಅಂದೆ ನೀನು. ಅವತ್ತು ಬಿಸಿಲೇ ಇರ್ಲಿಲ್ಲ, ಅಪ್ಪಾ."

"ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ನೀನು ಬಿಟ್ಬಿಡ್ತಿದ್ದೆ."

ಪ್ರಾರ್ಥನಾ ಗೇರಿನ ಮೇಲಿದ್ದ ಕೈ ತೆಗೆದು ಅವನ ಮಂಡಿಯ ಮೇಲಿಟ್ಟಳು.

ಮರುದಿನ ಸಂಜೆ ಶ್ರೀನಾಥ ಗ್ಯಾರೇಜಿನಲ್ಲಿದ್ದ ಹಳೆಯ ಹಾಸಿಗೆ ಎಳೆದು ತಂದು, ತಡಕಾಡುತ್ತ, ಬೇಲಿಗೆ ಹಗ್ಗದಿಂದ ಬಿಗಿದ. ಪ್ರಾರ್ಥನಾ ನೆರವಿಗೆ ಬಂದರೆ ಬೇಡವೆಂದ.

"ಇದಕ್ಕೆ ಹಾಕು. ಇದಕ್ಕೆ ನೋವಾಗಲ್ಲ," ಎಂದು ಮಗಳಿಗೆ ಹೇಳಿ ಪಕ್ಕದ ಮೆಟ್ಟಿಲ ಮೇಲೆ ಕೂತ.

ಆದ್ಯಾ ಎಸೆದಳು. ಮೆತ್ತಗೆ.

"ಜೋರಾಗಿ."

ಮತ್ತೆ ಎಸೆದಳು. ಮತ್ತೆ ಮೆತ್ತಗೇ.

"ನಿಮ್ಮಪ್ಪ ಅಲ್ಲಿಲ್ಲ ಕಣೇ ಆದ್ಯಾ!" ಎಂದು ಗದರಿದ.

ಆಗ ಅಳುತ್ತಲೇ ಇದ್ದಬದ್ದ ಬಲವೆಲ್ಲ ಹಾಕಿ ಎಸೆದಳು. ಬೇಲಿಯ ಉದ್ದಕ್ಕೂ ಹಲಗೆಗಳು ಅದುರಿದವು. ಆಚೆಮನೆಯ ನಾಯಿ ಎದ್ದು ಬೊಗಳಿತು. ಚೆಂಡು ಹೋದದ್ದೇ ಕಾಣದ ಶ್ರೀನಾಥ, ತನ್ನ ಮೇಲೇ ಬಂತೆಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮುದುರಿದ್ದ. ಅವಳು ಓಡಿ ಬರುವ ಸದ್ದು ಕೇಳಿ, ಮುಖದಿಂದ ಒಂದು ಕೈಯನ್ನಷ್ಟೇ ತೆಗೆದು ಅಡ್ಡ ಚಾಚಿದ.

"ಅಲ್ಲೇ ಇರು," ಎಂದ. "ಇನ್ನೊಂದು ಹಾಕು."