ಚಿತ್ತಾರಿ ಮೀನಿನ ಮನೆ

ಆ ಮುಳುಗುಗಾರನಿಗೆ ಎರಡೂ ಕಿವಿ ಹೋಗಿದ್ದವು. ಗಾಜಿನ ತೊಟ್ಟಿಯಲ್ಲಿ ಸಾಕುವ ಬಣ್ಣದ ಮೀನುಗಳನ್ನು ವರ್ಷಗಟ್ಟಲೆ ಜೀವಂತ ಹಿಡಿದು ತಂದದ್ದಕ್ಕೆ ಕಡಲು ಕೊಟ್ಟ ಉಡುಗೊರೆ ಅದು. ಇನ್ನೊಮ್ಮೆ ಮುಳುಗಿದರೆ ಮೇಲ್ಯಾವುದು ಕೆಳಗ್ಯಾವುದು ತಿಳಿಯದೆ ಅಲ್ಲೇ ಉಳಿಯುತ್ತಾನೆ ಎಂದು ವೈದ್ಯರು ಹೇಳಿದ್ದನ್ನು ಹೆಂಡತಿಯೇ ಕಿವಿಯಲ್ಲಿ ಕೂಗಿ ತಿಳಿಸಿದ್ದಳು. ಲೋಕದ ಮಾತೆಲ್ಲ ಅವಳ ಗಂಟಲಿನಿಂದಲೇ ಅವನಿಗೆ ತಲುಪಬೇಕಿತ್ತು.

ಕಿವಿ ಹೋದರೂ ಗತ್ತು ಹೋಗಿರಲಿಲ್ಲ. ಚಿತ್ತಾರಿ ಮೀನು ಎಲ್ಲಿರುತ್ತದೆಂದು ಬಲ್ಲವನು ಅವನೊಬ್ಬನೇ. ಬೆರಳುದ್ದದ ಮೀನು, ನೀಲಿ ಮೈಮೇಲೆ ಕಿತ್ತಳೆ ಬಣ್ಣದ ಅಂಕುಡೊಂಕು ಪಟ್ಟೆ. ಹಗಲೆಲ್ಲ ಮುರಿದ ಹವಳದ ರಾಶಿಯೊಳಗೆ ಅಡಗಿದ್ದು, ಹೊತ್ತು ಮುಳುಗುವಾಗ ಮಾತ್ರ ಹೊರಗೆ ಇಣುಕುತ್ತದೆ. ದೋಣಿಯ ಯಜಮಾನನಾಗಿದ್ದ ಹೆಂಡತಿಯ ತಮ್ಮ ಒಮ್ಮೆ ಹೆಣಗಾಡಿ ಒಂದನ್ನು ಹಿಡಿದು ತಂದ. ಪಟ್ಟೆಯಲ್ಲ, ದುಂಡು ಚುಕ್ಕೆ. ಇದು ಚಿತ್ತಾರಿಯ ದಾಯಾದಿ ಎಂದು ಭಾವ ಒಂದೇ ನೋಟಕ್ಕೆ ಗುರುತಿಸಿದ. ಅಷ್ಟಕ್ಕೆ ಬಿಟ್ಟನೇ? ದಡದಲ್ಲಿ ಹತ್ತು ಜನರ ಮುಂದೆ ಭಾವಮೈದುನನನ್ನು ಕಣ್ಣಿದ್ದೂ ಕುರುಡನೆಂದು ನಗೆಪಾಟಲು ಮಾಡಿ, ನಿಮ್ಮ ವಂಶವೇ ಹೀಗೆ ಎಂದು ಹೆಂಡತಿಗೂ ಸೇರಿಸಿ ಬಡಿಸಿದ. ಅವಳು ತಮ್ಮನ ಕೈ ಹಿಡಿದುಕೊಂಡು ಅಲ್ಲಿಂದ ನಡೆದಳು.

ಜಾಗ ಹೇಳಿಬಿಟ್ಟರೆ ದೋಣಿಗೆ ತಾನು ಬೇಡವಾಗುತ್ತೇನೆಂದು ಅವನಿಗೆ ಗೊತ್ತಿತ್ತು. ಕಡಲು ಬಿಟ್ಟರೆ ಅವನಿಗೆ ಬದುಕೇ ಇರಲಿಲ್ಲ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡು ಕೂತ. ಒಂದು ದಿನ ಭಾವಮೈದುನ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನ ಹತ್ತಿರ ಏನೋ ಅಂದ. ಇವನಿಗೆ ಕಂಡದ್ದು ತುಟಿ ಅಲ್ಲಾಡಿದ್ದಷ್ಟೇ. ಹೆಂಡತಿ ಕೈ ಒರೆಸಿಕೊಂಡು ಬಂದು ಕಿವಿಗೆ ಬಾಯಿಟ್ಟು ಕೂಗಿದಳು:

"ಜಾಗ ತೋರಿಸಿದ್ರೆ ಚುಕ್ಕಾಣಿ ನಿಮಗೇ ಅಂತೆ ರೀ. ಸಾಯೋವರೆಗೂ."

ಅವನು ಕರಗಿಹೋದ. ಸಂಜೆಯೇ ದೋಣಿ ಹತ್ತಿ, ದಡದ ನೀರಿನ ಟ್ಯಾಂಕು ಐಸ್ ಕಾರ್ಖಾನೆಯ ಚಿಮಣಿಯ ಹಿಂದೆ ಮರೆಯಾಗುವ ಕಡೆ ಲಂಗರು ಹಾಕಿಸಿದ. ಭಾವಮೈದುನ ಮುಳುಗಿದ; ಚೀಲದ ತುಂಬ ಚಿತ್ತಾರಿ ಬಂತು. ಮನೆಗೆ ಬಂದವನು ಚುಕ್ಕಾಣಿ ಹಿಡಿಯಬೇಕಾದ ಕೈಗಳಿಗೆ ಎಣ್ಣೆ ತಿಕ್ಕಿಕೊಂಡು ಮಲಗಿದ, ಪಾಪ.

ಮರುದಿನ ದಡಕ್ಕೆ ಬಂದರೆ ದೋಣಿ ಆಗಲೇ ಹೊರಟಿತ್ತು. ಚುಕ್ಕಾಣಿ ಬೇರೆಯವನ ಕೈಯಲ್ಲಿತ್ತು. ಭಾವಮೈದುನ ಮಾತು ಕೊಟ್ಟು ತಪ್ಪಿದ ಎಂದು ಇವನು ಎದೆ ಬಡಿದುಕೊಂಡು ಕೂಗಾಡಿದ. ಜೊತೆಗೆ ಬಂದಿದ್ದ ಹೆಂಡತಿ ಕೈಯಲ್ಲಿದ್ದ ಬುತ್ತಿ ಡಬ್ಬ ಕೆಳಗಿಟ್ಟು ಹತ್ತಿರ ಬಂದಳು. ದಡದವರಿಗೆಲ್ಲ ಕೇಳುವಂತೆ ಅವನ ಕಿವಿಯಲ್ಲಿ ಕೂಗಿದಳು:

"ಅವನು ಮಾತು ಕೊಡ್ಲೇ ಇಲ್ಲ ರೀ. ಚುಕ್ಕಾಣಿ ಮಾತು ನಾನು ಕಟ್ಟಿದ್ದು. ಅವತ್ತು ಅವನು ಕೇಳಿದ್ದು ಕುಡಿಯೋಕೆ ನೀರು."