ಮಷೀನಿನ ಹಿಸ್ಸಾ

ಝರೆಮ್ಮ ನನ್ನ ಸೋದರಮಾವನ ಹುಲ್ಲುಹಾಸನ್ನು ಬೇರುಸಹಿತ ಕಿತ್ತು ಹಾಕಿದ ದಿನ ನಾನು ಅಲ್ಲಿದ್ದೆನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಕಣ್ಣೆದುರು ಚಿತ್ರವಂತೂ ಇದೆ. ಹುಮನಾಬಾದಿನ ಹೆದ್ದಾರಿ ಪಕ್ಕದ ಫಂಕ್ಷನ್ ಹಾಲಿನ ಮುಂದೆ ಏಳು ಜನ ಹೆಂಗಸರು ಒಂದೇ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಏಳು ಕುರ್ಪಿಗಳು ಒಟ್ಟಿಗೆ ನೆಲ ಕೆದಕುತ್ತಿವೆ. ಸಾಲು ಮುಂದೆ ಸರಿದಂತೆ ಹಿಂದೆ ಬರಿ ಮಣ್ಣು ಉಳಿಯುತ್ತಿದೆ. ಆದರೆ ಆ ವಾರ ನಾನು ಕಲಬುರಗಿಯಲ್ಲಿ ಎಂ.ಎ. ಪರೀಕ್ಷೆ ಬರೆಯುತ್ತಿದ್ದೆ ಎಂದು ನನ್ನ ತಾಯಿ ಹೇಳುತ್ತಾರೆ. ಮಾವ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾರೆಂದರೆ, ಕೇಳಿದ್ದೇ ನೋಡಿದ್ದಾಗಿ ಬದಲಾಗಿರಲೂಬಹುದು.

ನಡೆದದ್ದರ ಬಗ್ಗೆ ಮಾತ್ರ ಯಾರದೂ ತಕರಾರಿಲ್ಲ. ಮಾವ ಹಾಲಿನ ಮುಂದೆ ಲಾನ್ ಮಾಡಿಸಿ ಆರು ತಿಂಗಳಾಗಿತ್ತು. ನಡುನಡುವೆ ಕಸ, ಅಂದರೆ ಕಳೆ, ಎದ್ದಿತ್ತು. ಬೇಮಳಖೇಡದಿಂದ ಕಳೆ ತೆಗೆಯುವ ಹೆಂಗಸರನ್ನು ಕರೆಸಿ, ಕಸ ತೆಗೆಯಿರಿ ಎಂದು ಹೇಳಿ, ಅಡುಗೆ ಪಾತ್ರೆಗಳ ಖರೀದಿಗೆ ಹೊರಟುಹೋದರು. ಆ ಹೆಂಗಸರು ಬುದ್ಧಿ ಬಂದಾಗಿನಿಂದ ತೊಗರಿ, ಉದ್ದಿನ ಹೊಲಗಳಲ್ಲಿ ಕಳೆ ಕಿತ್ತವರು. ಗರಿಕೆಗೆ ನಮ್ಮ ಕಡೆ ಕರಕಿ ಎನ್ನುತ್ತಾರೆ. ಹೊಲಕ್ಕೆ ಅದಕ್ಕಿಂತ ದೊಡ್ಡ ವೈರಿ ಇಲ್ಲ. ಮಾವ ಲಾನ್ ಎಂದು ಹಾಕಿಸಿದ್ದೂ ಕರಕಿಯೇ.

ಮಧ್ಯಾಹ್ನ ಮಾವ ಬಂದಾಗ ಅರ್ಧ ಲಾನ್ ಗೋಡೆಯ ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿತ್ತಂತೆ.

"ಏನ್ ಮಾಡೀರವ್ವಾ ಇದು?"

"ಸಾವಕಾರ್ರ, ಬ್ಯಾರೆ ಕಸ ಏನ್ ಭಾಳ ಇರಲಿಲ್ರಿ. ಎಲ್ಲಾ ಕರಕಿನೇ ಇತ್ತು. ಒಂದ್ ಬೇರು ಬಿಟ್ಟಿಲ್ಲ ನೋಡ್ರಿ" ಎಂದು ಅವರ ಮುಂದಾಳು ಝರೆಮ್ಮ ಹೇಳಿದಳು.

"ಆ ಕರಕಿನೇ ನಾ ರೊಕ್ಕ ಕೊಟ್ಟು ತಂದೀನಿ."

ಸಾಲಿನ ಕೊನೆಯಲ್ಲಿದ್ದ ಕಮಳಾಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಕರಕಿಗೆ ರೊಕ್ಕ ಕೊಡ್ತಾರ? ನಮ್ಮೂರಿಗೆ ಬಂದಿದ್ರ ಗಾಡಿ ತುಂಬಿ ಪುಕ್ಕಟ ಕೊಡ್ತಿದ್ದೆವಲ್ರಿ."

ಮೂರು ವಾರಕ್ಕೆ ಅಲ್ಲೊಂದು ಮದುವೆ ಗೊತ್ತಾಗಿತ್ತು. ಮಾವ ತಲೆಯ ಮೇಲೆ ಕೈಹೊತ್ತು ಕೂತರು. ಝರೆಮ್ಮ ಗುಡ್ಡೆಯ ಹತ್ತಿರ ಹೋಗಿ ಒಂದು ಹಿಡಿ ಬೇರು ಎತ್ತಿ ನೋಡಿ, "ಇದು ಸಾಯೂ ಜಾತಿ ಅಲ್ರಿ. ಇದನ್ನ ಸಾಯಿಸಾಕ ಹೋಗಿ ನಮ್ಮ ಅಜ್ಜಿ, ನಮ್ಮವ್ವ ಇಬ್ಬರೂ ಸೋತು ಹೋಗ್ಯಾರ" ಎಂದಳು. ಕಿತ್ತದ್ದನ್ನೆಲ್ಲ ಗೇಣುದ್ದ ತುಂಡು ಮಾಡಿಸಿ, ಕುರ್ಪಿಯಿಂದ ಗೆರೆ ಎಳೆದು ಮತ್ತೆ ಊರಿಸಿದಳು. ಮುಂಗಾರಿನ ಮಿರಗದ ಮಳೆ ಶುರುವಾಗಿತ್ತು. ಮದುವೆಯ ದಿನಕ್ಕೆ ನೆಲ ಮೊದಲಿಗಿಂತ ಹಸಿರಾಗಿತ್ತು ಎಂದು ಮಾವ ಹೇಳುತ್ತಾರೆ. ಮದುವೆಯಲ್ಲಿ ನಾನೂ ಇದ್ದೆ. ಬೋಳು ಜಾಗಗಳ ಮೇಲೆಲ್ಲ ಕುರ್ಚಿ ಹಾಕಿಸಿದ್ದರು ಎಂದು ನನ್ನ ನೆನಪು. ಅಂತೂ ಆ ವರ್ಷದಿಂದ ಲಾನಿನ ಉಸ್ತುವಾರಿ ಝರೆಮ್ಮನದಾಯಿತು.

ತೆಳ್ಳಗೆ, ಎತ್ತರಕ್ಕಿದ್ದಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತುತ್ತಿದ್ದಳು. ಯೋಚನೆಗೆ ಬಿದ್ದರೆ ಒಂದು ಹುಲ್ಲುಕಡ್ಡಿ ಹಲ್ಲಿನ ನಡುವೆ ಬರುತ್ತಿತ್ತು. ಬೇಡದ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಹೊಸ ತೋಟಕ್ಕೆ ಹೋದರೆ ಮೊದಲು ಚಪ್ಪಲಿ ಬಿಟ್ಟು ಒಂದು ಸುತ್ತು ನಡೆಯುತ್ತಿದ್ದಳು. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕಲ್ಲಿದೆ ಎಂಬುದು ಅವಳ ಅಂಗಾಲಿಗೆ ತಿಳಿಯುತ್ತಿತ್ತು.

ಒಂದೇ ವರ್ಷದಲ್ಲಿ ಎರಡು ಢಾಬಾಗಳು, ಮಾಣಿಕನಗರದಲ್ಲಿ ಒಬ್ಬ ಡಾಕ್ಟರರ ಮನೆ ಅವಳ ಕೆಲಸಕ್ಕೆ ಸೇರಿದವು. ನಾನು ಬಸವಕಲ್ಯಾಣದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಅರ್ಥಶಾಸ್ತ್ರ ಕಲಿಸುತ್ತ, ರಜೆ ದಿನಗಳಲ್ಲಿ ಮಾವನ ಹಾಲಿನ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಅವಳ ಹಂಚಿಕೆಯ ರೀತಿಯನ್ನು ನೋಡಿದ್ದು ಆಗಲೇ. ಶನಿವಾರ ಸಂಜೆ ಗೇಟಿನ ಬೇವಿನ ಮರದ ಕೆಳಗೆ ಏಳು ಜನ ದುಂಡಗೆ ಕೂರುತ್ತಿದ್ದರು. ಬಂದದ್ದನ್ನು ಝರೆಮ್ಮ ಎಂಟು ಪಾಲು ಮಾಡುತ್ತಿದ್ದಳು. ಏಳು ಪಾಲು ಏಳು ಜನರಿಗೆ. ಎಂಟನೆಯದು ಮಷೀನಿನ ಹಿಸ್ಸಾ. ಅದು ಒಂದು ಬಿಸ್ಕಿಟ್ ಡಬ್ಬಿಗೆ ಹೋಗುತ್ತಿತ್ತು. ಡಬ್ಬಿ ವಾರಕ್ಕೊಬ್ಬರ ಮನೆಯಲ್ಲಿ ಇರುತ್ತಿತ್ತು. ಮಷೀನು ಮಾತ್ರ ಇನ್ನೂ ಬಂದೇ ಇರಲಿಲ್ಲ.

"ಕೂಸು ಹುಟ್ಟಿಲ್ಲ, ಅಕಿ ಕುಲಾಯಿ ಹೊಲ್ಯಾಕತ್ತಾಳ" ಎಂದು ಕಮಳಾಬಾಯಿ ನನಗೆ ಕೇಳುವಂತೆ ಹೇಳಿದಳು. "ಅದಕ್ಕ ಬಾಯಿಲ್ಲ, ಹೊಟ್ಟಿಲ್ಲ. ಹಿಸ್ಸಾ ಯಾತಕ ಬೇಕು?"

"ಎತ್ತು ಕಟ್ಟಿಕೊಂಡು ಬಂದಂವ ಎತ್ತಿನ ಮಜೂರಿ ಬ್ಯಾರೆ ಒಯ್ಯಂಗಿಲ್ಲೇನು?" ಎಂದಳು ಝರೆಮ್ಮ. "ಇದೂ ಹಂಗೇ."

"ಎತ್ತು ಸಗಣಿನರ ಹಾಕತದ."

ಎಲ್ಲರೂ ನಕ್ಕರು. ಝರೆಮ್ಮನೂ ನಕ್ಕಳು. ಡಬ್ಬಿಯ ಮುಚ್ಚಳ ಒತ್ತುತ್ತ, "ಬೀಜದ ಜ್ವಾಳ ಬೀಸಿ ರೊಟ್ಟಿ ಮಾಡಿದ್ರ ಒಂದಿನ ಹೊಟ್ಟಿ ತುಂಬತದ, ಕಮಳಾ. ಬರೂ ವರ್ಷ ಏನ್ ಬಿತ್ತತಿ?" ಎಂದಳು.

ಮುಂದಿನ ಮಳೆಗಾಲಕ್ಕೆ ಮೊದಲ ಮಷೀನು ಬಂತು. ಪೆಟ್ರೋಲ್ ಹಾಕಿ, ಹಗ್ಗ ಎಳೆದು ಶುರು ಮಾಡಿ, ಹಿಡಿಕೆ ಹಿಡಿದು ದೂಡುವಂಥದ್ದು. ಕುಡುಗೋಲು, ಕತ್ತರಿ ಹಿಡಿದು ಎರಡು ದಿನ ಮಾಡುತ್ತಿದ್ದ ಕೆಲಸ ಅರ್ಧ ದಿನಕ್ಕೆ ಮುಗಿಯತೊಡಗಿತು. ನಾಲ್ಕಿದ್ದ ತೋಟಗಳು ಒಂಬತ್ತಾದವು. ಹಿಸ್ಸಾ ನಿಲ್ಲಲಿಲ್ಲ. ಅದರಿಂದ ಮೊದಲು ಉದ್ದನೆಯ ನೀರಿನ ಪೈಪು ಬಂತು, ಆಮೇಲೆ ಕಲ್ಲು ಕೆತ್ತುವವರ ಕಡೆ ಮಾಡಿಸಿದ ಒಂದು ರೋಲರು. ಕಾರಹುಣ್ಣಿಮೆಯಂದು ಎತ್ತುಗಳಂತೆ ಮಷೀನಿಗೂ ರಜೆ. ಬ್ಲೇಡ್ ಬಿಚ್ಚಿ ಸಾಣೆ ಹಿಡಿಸಿ, ಎಣ್ಣೆ ಬದಲಿಸಿ, ಹಿಡಿಕೆಗೆ ಅರಿಸಿಣ ಹಚ್ಚಿ ನಿಲ್ಲಿಸುತ್ತಿದ್ದಳು. ಯಾವ ಸಾವುಕಾರ ಕರೆದರೂ ಅವತ್ತು ಅದು ಗೇಟು ದಾಟುತ್ತಿರಲಿಲ್ಲ.

ಇನ್ನು ನಾನು ಹೇಳಲು ಹಿಂಜರಿಯುವ ಭಾಗ. ಬಸವಕಲ್ಯಾಣದ ರಸ್ತೆಯಲ್ಲಿ ವಸತಿ ಶಾಲೆಯೊಂದು ಹೊಸದಾಗಿ ತೆರೆದಿತ್ತು. ಮುಂದೆ ದೊಡ್ಡ ಲಾನು, ಹಿಂದೆ ಆಟದ ಮೈದಾನ. ವಾರಕ್ಕೊಮ್ಮೆ ಕತ್ತರಿಸುವ ಕೆಲಸಕ್ಕೆ ಜನ ಹುಡುಕುತ್ತಿದ್ದರು. ಝರೆಮ್ಮನ ಪರವಾಗಿ ಕೊಟೇಶನ್ ಬರೆದುಕೊಟ್ಟವನು ನಾನೇ. ಶಾಲೆಯವರು ಒಪ್ಪಿದರು, ಆದರೆ ಒಂದು ಮಷೀನಿನಿಂದ ಅದು ಆಗುವ ಕೆಲಸವಲ್ಲ. ಎರಡನೆಯದು ಬೇಕು. ಡಬ್ಬಿಯಲ್ಲಿ ಅದಕ್ಕೆ ಸಾಕಾಗುವಷ್ಟು ಇತ್ತು. ಅದೇ ಹೊತ್ತಿಗೆ ಕಮಳಾಬಾಯಿಯ ಮನೆಯ ಮೇಲಿನ ತಗಡಿನ ಪತ್ರಾಸು ಗಾಳಿಗೆ ಹಾರಿಹೋಗಿತ್ತು. ಡಬ್ಬಿ ಒಡೆದು ಹಂಚಬೇಕು ಎಂದು ಅವಳ ಹಟ. ಈ ಕೆಲಸ ಬಿಟ್ಟರೆ ಮತ್ತೆ ಕುರ್ಪಿಯೇ ಗತಿ ಎಂದು ಝರೆಮ್ಮನ ವಾದ. ಬೇವಿನ ಮರದ ಕೆಳಗೆ ಅರ್ಧ ಗಂಟೆ ಮಾತಾಯಿತು. ಮಾತು ಝರೆಮ್ಮನ ಕಡೆಗೆ ವಾಲುತ್ತಿತ್ತು ಎಂದು ನನಗೆ ನೆನಪು.

ಆಗ ನಾನು ಬಾಯಿ ಹಾಕಿದೆ. ಯಾರೂ ಕೇಳಿರಲಿಲ್ಲ. "ಅಕ್ಕಾ, ಈಗಿರೋ ಮಷೀನು ಯಾರ ಹೆಸರಲ್ಲಿ ಅದ?"

ಕೇಳಿದ್ದರಲ್ಲಿ ದುರುದ್ದೇಶವಿತ್ತು ಅನಿಸುವುದಿಲ್ಲ. ಕೂಡಿಸಿದ್ದು ಎಲ್ಲರೂ, ಒಡೆತನ ಮಾತ್ರ ಒಬ್ಬರದು ಎಂಬುದನ್ನು ತರಗತಿಯಲ್ಲಿ ದಿನವೂ ಹೇಳುತ್ತಿದ್ದವನು ನಾನು. ಇಲ್ಲೂ ಹಾಗೆಯೇ ಇರುತ್ತದೆ ಎಂಬ ಖಾತರಿ ಇತ್ತು.

ಎಲ್ಲರೂ ಝರೆಮ್ಮನ ಮುಖ ನೋಡಿದರು. ಅಂಗಡಿಗೆ ಹೋಗಿ ಮಷೀನು ತಂದವಳು ಅವಳೊಬ್ಬಳೇ. ಏಳು ಜನರಲ್ಲಿ ಓದು ಬರುವವರು ಯಾರೂ ಇರಲಿಲ್ಲ.

"ಓದಿದ ಮಾಸ್ತರ್ ಕೇಳಾಕತ್ತಾರ. ಹೇಳು ಯಕ್ಕಾ" ಎಂದಳು ಕಮಳಾಬಾಯಿ.

ಝರೆಮ್ಮ ಹಲ್ಲಿನ ನಡುವಿನ ಕಡ್ಡಿ ತೆಗೆದಳು. ನೋಡಿದ್ದು ಕಮಳಾಬಾಯಿಯನ್ನಲ್ಲ, ನನ್ನನ್ನು. "ಬಿಲ್ಲಿನ ಕಾಪಿ ಅಂಗಡ್ಯಾಗ ಅದ್ರಿ. ನಿಮಗ ಓದಾಕ ಬರತದ. ಹೋಗಿ ಓದಿ ಬಂದು ಇವರಿಗಿ ನೀವೇ ಹೇಳ್ರಿ. ನಾ ಹೇಳಿದ್ರ ಸುಳ್ಳ ಆಗತದ."

ಅಂಗಡಿ ಹುಮನಾಬಾದಿನ ಬಜಾರಿನಲ್ಲೇ ಇತ್ತು. ನಡೆದರೆ ಹದಿನೈದು ನಿಮಿಷ. ನಾನು ಹೋಗಲಿಲ್ಲ. ಮೊದಲ ವಾರ ಮೌಲ್ಯಮಾಪನ ಇತ್ತು ಎಂದು ನೆವ ಹೇಳಿಕೊಂಡೆ. ಆಮೇಲೆ ನೆವವೂ ಬೇಕಾಗಲಿಲ್ಲ. ಗೊತ್ತಿರುವ ಉತ್ತರಕ್ಕೆ ಯಾರು ನಡೆದು ಹೋಗುತ್ತಾರೆ? ಅವಳು ಹೇಳದೆ ಜಾರಿಕೊಂಡಳು ಎಂದೇ ತಿಳಿದಿದ್ದೆ.

ಮುಂದಿನ ಶನಿವಾರ ಝರೆಮ್ಮ ಡಬ್ಬಿ ಒಡೆದಳು. ಕಮಳಾಬಾಯಿ ಮತ್ತು ಇನ್ನಿಬ್ಬರು ತಮ್ಮ ಪಾಲು ತೆಗೆದುಕೊಂಡು ಹೊಲದ ಕೆಲಸಕ್ಕೆ ಮರಳಿದರು. ಉಳಿದ ನಾಲ್ವರು ಶಾಲೆಯ ಕೆಲಸ ಹಿಡಿದರು. ಒಂದೇ ಮಷೀನಿನಲ್ಲಿ, ಬೆಳಗಿನ ಇಬ್ಬನಿ ಆರುವುದನ್ನೇ ಕಾಯ್ದು ಶುರು ಮಾಡಿ ಹೊತ್ತು ಮುಳುಗುವ ತನಕ ದೂಡುತ್ತಿದ್ದರು. ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಮೂರು ಢಾಬಾಗಳ ಕೆಲಸ ಕೈಬಿಟ್ಟುಹೋಯಿತು. ಎರಡನೆಯ ಮಷೀನು ಬರಲು ಇನ್ನೂ ಐದು ತಿಂಗಳು ಹಿಡಿಯಿತು.

ಅದು ಬಂದ ಮೇಲೆ, ಎಷ್ಟು ದಿನಕ್ಕೋ ತಿಳಿಯದು, ಒಂದು ಸೋಮವಾರ ಕಮಳಾಬಾಯಿ ಮತ್ತೆ ಉಳಿದವರ ಜೊತೆ ಟೆಂಪೊದಿಂದ ಇಳಿದಳಂತೆ. ಝರೆಮ್ಮ ಹೊಸ ಮಷೀನಿನ ಹಿಡಿಕೆಯನ್ನು ಅವಳ ಕಡೆ ತಿರುಗಿಸಿ, "ಹಸಿ ಹುಲ್ಲಿಗೆ ಹಚ್ಚಬ್ಯಾಡ, ಉಸಿರು ಕಟ್ಟತದ" ಎಂದಷ್ಟೇ ಹೇಳಿದಳಂತೆ. ಉಳಿದಿಬ್ಬರೂ ಸುಗ್ಗಿ ಮುಗಿಸಿಕೊಂಡು ಬಂದರು. ಕಡೆಯ ವರ್ಷಗಳಲ್ಲಿ ಅವರ ಹತ್ತಿರ ನಾಲ್ಕು ಮಷೀನು, ಒಂದು ಹಳೆಯ ಲಗೇಜ್ ಆಟೊ ಇದ್ದವು. ಕೆಲಸ ಮಂಠಾಳದ ತನಕ ಹಬ್ಬಿತ್ತು.

ನಾನು ಅವಳನ್ನು ಕಡೆಯ ಸಲ ನೋಡಿದ್ದು ಅದೇ ಶಾಲೆಯಲ್ಲಿ, ಪರೀಕ್ಷೆಯೊಂದರ ಮೇಲ್ವಿಚಾರಣೆಗೆ ಹೋದಾಗ. ಗಿಡದ ನೆರಳಲ್ಲಿ ಬ್ಲೇಡಿಗೆ ಅಂಟಿದ ಹುಲ್ಲು ಕೆರೆಯುತ್ತ ಕೂತಿದ್ದಳು. ಇಳಿದು ಹೋಗಿದ್ದಳು. ಮಾತಿನ ನಡುವೆ ಕೆಮ್ಮು ಬರುತ್ತಿತ್ತು.

"ಮಾಸ್ತರ್ರ, ಅಂಗಡಿಗಿ ಹೋಗಿದ್ರೇನು?" ಎಂದು ಕೇಳಿದಳು. ಅದು ಆರು ವರ್ಷದ ಹಿಂದಿನ ಮಾತು.

"ಇಲ್ಲಕ್ಕಾ."

"ಕಾಲೇಜದಾಗ ಪೋರಗೋಳಿಗಿ ಹ್ಯಾಂಗ ಪಾಸ್ ಮಾಡ್ತೀರಿ? ಪೇಪರ್ ನೋಡೇ ಮಾಡ್ತೀರೋ, ಅವರ ಮಾರಿ ನೋಡಿ ಮಾಡ್ತೀರೋ?" ಎಂದು ನಕ್ಕು, ಬ್ಲೇಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡತೊಡಗಿದಳು. ಆ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ನನಗೆ ತಿಳಿದದ್ದು ಹನ್ನೆರಡು ದಿನ ಕಳೆದ ಮೇಲೆ.

ಇದನ್ನು ಬರೆಯಲು ಕೂತಾಗ ನನ್ನ ನೆನಪುಗಳಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯಲಿಲ್ಲ. ಅವಳ ನಗೆಯಲ್ಲಿ ಸಿಟ್ಟಿತ್ತೋ ಇಲ್ಲವೋ ಎಂಬುದನ್ನು ಈಗ ಪರೀಕ್ಷಿಸಲು ಬರುವುದಿಲ್ಲ. ಬಿಲ್ಲನ್ನು ಪರೀಕ್ಷಿಸಬಹುದಿತ್ತು. ಹೋದ ತಿಂಗಳು ಅಂಗಡಿಗೆ ಹೋದೆ. ಮಾಲೀಕರು ವಯಸ್ಸಾದವರು, ಗ್ಯಾರಂಟಿಯ ಜಗಳ ಬರುತ್ತದೆಂದು ಹಳೆಯ ಬಿಲ್ ಪುಸ್ತಕಗಳನ್ನೆಲ್ಲ ಅಟ್ಟದ ಮೇಲೆ ಇಟ್ಟಿದ್ದರು. ಮೊದಲ ಮಷೀನಿನ ಕಾರ್ಬನ್ ಪ್ರತಿ ಸಿಕ್ಕಿತು. ಗಿರಾಕಿಯ ಹೆಸರಿನ ಜಾಗದಲ್ಲಿ ಹಿಡಿಸದೆ, ಅಂಚಿನಲ್ಲಿ ಒಂದರ ಕೆಳಗೊಂದು ಏಳು ಹೆಸರುಗಳಿದ್ದವು. "ಆಕಿ ಒಂದೊಂದೇ ಹೇಳಿ ಬರಸೀಳ್ರಿ. ಬರದಾದ ಮ್ಯಾಲ ನನ್ನ ಕಡಿಂದ ಎಲ್ಲಾ ಓದಸೀಳು" ಎಂದರು ಮಾಲೀಕರು.

ಎರಡನೆಯ ಮಷೀನಿನ ಬಿಲ್ ಹುಡುಕಲು ಇನ್ನೊಂದು ಗಂಟೆ ಹಿಡಿಯಿತು. ಕಮಳಾಬಾಯಿ ಮತ್ತು ಆ ಇಬ್ಬರು ತಮ್ಮ ಪಾಲು ಒಯ್ದು, ಬಿಟ್ಟುಹೋಗಿದ್ದ ತಿಂಗಳುಗಳಲ್ಲಿ ಕೊಂಡದ್ದು ಅದು. ದಿನಾಂಕವನ್ನು ಎರಡು ಸಲ ನೋಡಿದೆ. ಅದರಲ್ಲೂ ಏಳು ಹೆಸರುಗಳಿವೆ. ಕಮಳಾಬಾಯಿಯದು ಮೊದಲನೆಯದು.